ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ: ಮೆದುಳಿನ ಉರಿಯೂತ ಮತ್ತು ನೆನಪಿನ ಚೇತರಿಕೆ

ಸೊರಬ ಹಾಗೂ ಶಿಕಾರಿಪುರ ತಾಲ್ಲೂಕುಗಳ ಜನರಿಗೆ ಮೆದುಳನ್ನು ಬಾಧಿಸುವ ಕಾಯಿಲೆಗಳು ಹೊಸತಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಅದೇ ಕಾಲಕ್ಕೆ ಸುತ್ತಲಿನ ಹಳ್ಳಿಗಳ ಜನರೂ ತೀವ್ರ ಜ್ವರದಿಂದ ನರಳಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಪರೀಕ್ಷಿಸಿ, ಇದು ಉಣುಗಿನ ಕಡಿತದಿಂದ ಹರಡುವ, ಅಲ್ಲಿಯವರೆಗೆ ಯಾರಿಗೂ ತಿಳಿಯದಿದ್ದ ವೈರಸ್ಸಿನ ಕಾಯಿಲೆಯೆಂದು ಕಂಡುಹಿಡಿದರು. ಪ್ರಪಂಚದ ವೈದ್ಯಗ್ರಂಥಗಳಲ್ಲಿ ಆ ಕಾಯಿಲೆಗೆ ಇಂದಿಗೂ ಕ್ಯಾಸನೂರು ಕಾಡಿನ ಹೆಸರೇ ಇದೆ. ಜನರ ಬಾಯಲ್ಲಿ ಮಾತ್ರ ಅದು ಮಂಗನ ಕಾಯಿಲೆ.

ಮಂಗನ ಕಾಯಿಲೆಯನ್ನು ಹತ್ತಿರದಿಂದ ಕಂಡ ಹಿರಿಯರಿಗೆ ಒಂದು ಸಂಗತಿ ಗೊತ್ತಿದೆ. ಕೆಲವರಿಗೆ ಮೊದಲ ಜ್ವರ ಇಳಿದು ಒಂದೆರಡು ವಾರ ನೆಮ್ಮದಿಯಾಗಿ ಕಳೆದ ಮೇಲೆ ಮತ್ತೆ ಜ್ವರ ಬರುತ್ತದೆ. ಈ ಎರಡನೆಯ ಸಲ ತಲೆನೋವು, ಕುತ್ತಿಗೆಯ ಬಿಗಿತ, ಕೈಕಾಲುಗಳ ನಡುಕ, ಮನಸ್ಸಿನ ಗೊಂದಲ ಕಾಣಿಸಿಕೊಳ್ಳುತ್ತವೆ. ಜ್ವರ ಬಿಟ್ಟ ಮಾತ್ರಕ್ಕೆ ರೋಗಿ ಗುಣಹೊಂದಿದನೆಂದು ತಿಳಿಯಬಾರದೆಂಬ ಪಾಠವನ್ನು ಮಲೆನಾಡಿನ ಜನ ಹೀಗೆ ಅನುಭವದಿಂದಲೇ ಕಲಿತಿದ್ದಾರೆ.

ಆ ಪಾಠವು ಇನ್ನೊಂದು ಕಾಯಿಲೆಗೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಅದು ಉಣುಗಿನಿಂದಾಗಲಿ ಸೊಳ್ಳೆಯಿಂದಾಗಲಿ ಬರುವಂಥದ್ದಲ್ಲ. ನಮ್ಮ ದೇಹದ ಒಳಗಿನಿಂದಲೇ ಹುಟ್ಟುವಂಥದ್ದು. ಹರೆಯದ ಗೃಹಿಣಿಯರನ್ನು ಅದು ಹೆಚ್ಚಾಗಿ ಹಿಡಿಯುವುದರಿಂದ, ಮತ್ತು ಅದರಿಂದ ಪೂರ್ಣವಾಗಿ ಚೇತರಿಸಿಕೊಳ್ಳಲು ವರ್ಷಗಳೇ ಹಿಡಿಯುವುದರಿಂದ, ಪ್ರತಿಯೊಬ್ಬ ದಂಪತಿಗಳೂ ಅದರ ಬಗ್ಗೆ ಸ್ವಲ್ಪವಾದರೂ ತಿಳಿದಿರುವುದು ಒಳ್ಳೆಯದು.

ಕಾಯಿಲೆಯ ಸ್ವರೂಪ

ನಮ್ಮ ರಕ್ತದಲ್ಲಿ ರೋಗಾಣುಗಳೊಡನೆ ಹೋರಾಡುವ ಸೂಕ್ಷ್ಮ ವಸ್ತುಗಳಿವೆ. ಇವುಗಳನ್ನು ಪ್ರತಿಕಾಯಗಳೆನ್ನುತ್ತಾರೆ. ಇವು ಮನೆಯ ಕಾವಲಿನ ನಾಯಿಯಿದ್ದಂತೆ. ಕಳ್ಳನನ್ನು ಕಂಡರೆ ಬೊಗಳಿ ಓಡಿಸುವುದು ಅದರ ಧರ್ಮ. ಆದರೆ ಎಂದಾದರೊಮ್ಮೆ ನಾಯಿಗೆ ಗುರುತು ತಪ್ಪಿ, ಮನೆಯವರನ್ನೇ ಕಚ್ಚುವುದುಂಟು. ಹಾಗೆಯೇ ಪ್ರತಿಕಾಯಗಳು ದಾರಿತಪ್ಪಿ ಸ್ವಂತ ಮೆದುಳಿನ ಮೇಲೆಯೇ ಎರಗಿದಾಗ ಮೆದುಳಿನಲ್ಲಿ ಉರಿಯೂತ ಉಂಟಾಗುತ್ತದೆ. ಇದೇ ಸ್ವಯಂಪ್ರತಿರೋಧಕ ಮೆದುಳಿನ ಉರಿಯೂತ.

ಈ ಗುಂಪಿನ ಕಾಯಿಲೆಗಳಲ್ಲಿ ಮುಖ್ಯವಾದುದನ್ನು 2007ರಲ್ಲಿ ವೈದ್ಯ ಜೋಸೆಪ್ ದಾಲ್ಮೌ ಮತ್ತು ಅವರ ಸಹೋದ್ಯೋಗಿಗಳು ಮೊದಲ ಬಾರಿಗೆ ವಿವರಿಸಿದರು. ಎನ್‌ಎಂಡಿಎ ಎಂಬ ಹೆಸರಿನ, ನೆನಪು ಹಾಗೂ ಕಲಿಕೆಗೆ ಬೇಕಾದ ಗ್ರಾಹಕಗಳನ್ನು ಪ್ರತಿಕಾಯಗಳು ನರಕೋಶದ ಮೇಲಿನಿಂದ ಕಿತ್ತುಹಾಕುತ್ತವೆಂದು ಅವರು ತೋರಿಸಿದರು. ಅದಕ್ಕೂ ಮುಂಚೆ ಈ ಕಾಯಿಲೆ ಇರಲಿಲ್ಲವೆಂದಲ್ಲ. ಇತ್ತು, ಆದರೆ ಅದನ್ನು ಹುಚ್ಚೆಂದೋ, ಗಾಳಿ ಸೋಕಿತೆಂದೋ, ಚೌಡಿ ಮೈಮೇಲೆ ಬಂದಿದೆಯೆಂದೋ ಜನ ತಿಳಿಯುತ್ತಿದ್ದರು.

ಹಾಗೆ ತಿಳಿಯಲು ಕಾರಣವೂ ಉಂಟು. ನಿನ್ನೆ ಮೊನ್ನೆಯವರೆಗೆ ಸರಿಯಾಗಿದ್ದ ಹೆಣ್ಣುಮಗಳು ಕೆಲವೇ ದಿನಗಳಲ್ಲಿ ನಿದ್ದೆಗೆಟ್ಟು, ಸಂಬಂಧವಿಲ್ಲದ ಮಾತನಾಡಲು ತೊಡಗುತ್ತಾಳೆ. ಯಾರೋ ಕರೆಯುತ್ತಿದ್ದಾರೆ ಎನ್ನುತ್ತಾಳೆ, ಕೋಪಗೊಳ್ಳುತ್ತಾಳೆ, ಅಳುತ್ತಾಳೆ. ಬಳಿಕ ಫಿಟ್ಸ್ ಬರುತ್ತದೆ, ಬಾಯಿ, ನಾಲಿಗೆ, ಕೈಗಳು ತಾವಾಗಿ ಆಡುತ್ತವೆ, ಮಾತು ನಿಂತುಹೋಗುತ್ತದೆ, ಪ್ರಜ್ಞೆ ಮಸುಕಾಗುತ್ತದೆ. ಕೆಲವರಿಗೆ ಉಸಿರಾಟಕ್ಕೂ ಯಂತ್ರದ ಸಹಾಯ ಬೇಕಾಗುತ್ತದೆ. ಇಷ್ಟು ದಿನ ಮಂತ್ರವಾದಿಯ ಮನೆಯ ಬಾಗಿಲು ಕಾಯ್ದವರು ಅಮೂಲ್ಯವಾದ ಕಾಲವನ್ನು ಕಳೆದುಕೊಳ್ಳುತ್ತಾರೆ. ಚಿಕಿತ್ಸೆ ಬೇಗ ಆರಂಭವಾದಷ್ಟೂ ಚೇತರಿಕೆ ಚೆನ್ನಾಗಿರುತ್ತದೆಂಬುದು ಸಿದ್ಧವಾಗಿರುವ ಸಂಗತಿ.

ಕಾಯಿಲೆಯನ್ನು ಗುರುತಿಸಲು ರಕ್ತವನ್ನೂ ಬೆನ್ನುಹುರಿಯ ಸುತ್ತಲಿನ ದ್ರವವನ್ನೂ ಪರೀಕ್ಷಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಈ ಪ್ರತಿಕಾಯಗಳ ಪರೀಕ್ಷೆಗೆ ವ್ಯವಸ್ಥೆಯಿದೆ. ಕೆಲವು ಹೆಂಗಸರಲ್ಲಿ ಅಂಡಾಶಯದ ಗೆಡ್ಡೆಯೊಂದು ಈ ಕಾಯಿಲೆಗೆ ಮೂಲವಾಗಿರುವುದರಿಂದ ಹೊಟ್ಟೆಯ ಸ್ಕ್ಯಾನ್ ಸಹ ಮಾಡಿಸುತ್ತಾರೆ. ಗೆಡ್ಡೆಯಿದ್ದರೆ ಅದನ್ನು ತೆಗೆಯುವುದೇ ಚಿಕಿತ್ಸೆಯ ಮುಖ್ಯ ಭಾಗ. ಸ್ಟೀರಾಯ್ಡ್, ಇಮ್ಯುನೊಗ್ಲಾಬ್ಯುಲಿನ್, ರಕ್ತದ್ರವದ ಬದಲಾವಣೆ, ಇವು ಸಾಲದಿದ್ದಲ್ಲಿ ಇನ್ನೂ ಬಲವಾದ ಔಷಧಗಳು, ಇವುಗಳಿಂದ ಪ್ರತಿಕಾಯಗಳ ಹಾವಳಿಯನ್ನು ತಗ್ಗಿಸುತ್ತಾರೆ.

ಗಂಡಸರಿಗೆ ಈ ಕಾಯಿಲೆ ಬಾರದೆಂದು ತಿಳಿಯಬಾರದು. ಇದೇ ಗುಂಪಿನ ಇನ್ನೊಂದು ಬಗೆಯು ಐವತ್ತು ದಾಟಿದವರಲ್ಲಿ, ಅದರಲ್ಲೂ ಗಂಡಸರಲ್ಲಿ ಹೆಚ್ಚಾಗಿ ಕಾಣುತ್ತದೆ. ಮುಖವೂ ಒಂದು ಕೈಯೂ ದಿನಕ್ಕೆ ಹಲವು ಸಲ ಕ್ಷಣಮಾತ್ರ ಜಗ್ಗುವುದು, ಇದ್ದಕ್ಕಿದ್ದಂತೆ ಮರೆವು ಹೆಚ್ಚುವುದು, ರಕ್ತದಲ್ಲಿ ಸೋಡಿಯಂ ಅಂಶ ಕಡಿಮೆಯಾಗುವುದು ಅದರ ಗುರುತುಗಳು. ವಯಸ್ಸಿನ ಮರೆವೆಂದು ಅದನ್ನು ಕಡೆಗಣಿಸುವವರೇ ಹೆಚ್ಚು.

ಚೇತರಿಕೆಯ ಕ್ರಮ

ಈ ಕಾಯಿಲೆಯಿಂದ ಚೇತರಿಸಿಕೊಳ್ಳುವುದಕ್ಕೆ ಒಂದು ಕ್ರಮವಿದೆ. ಕಾಯಿಲೆಯ ಲಕ್ಷಣಗಳು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತವೆ. ಕೊನೆಯಲ್ಲಿ ಬಂದುದು ಮೊದಲು ಹೋಗುತ್ತದೆ. ಮೊದಲು ಉಸಿರಾಟ ಸುಧಾರಿಸುತ್ತದೆ, ಪ್ರಜ್ಞೆ ಬರುತ್ತದೆ, ಬಳಿಕ ಕೈಬಾಯಿಗಳ ಚಲನೆ ನಿಲ್ಲುತ್ತದೆ, ಮಾತು ಮರಳುತ್ತದೆ, ಭ್ರಮೆಗಳು ಅಡಗುತ್ತವೆ. ಹೊಸದನ್ನು ನೆನಪಿಟ್ಟುಕೊಳ್ಳುವುದು, ಕೆಲಸವನ್ನು ಮುಂದಾಗಿ ಯೋಚಿಸಿ ಮಾಡುವುದು, ಕೋಪವನ್ನು ತಡೆಯುವುದು, ಜನರೊಡನೆ ಹೊಂದಿಕೊಂಡು ನಡೆಯುವುದು, ಇವು ಎಲ್ಲಕ್ಕಿಂತ ಕೊನೆಗೆ ಬರುತ್ತವೆ.

ಗೃಹಸ್ಥರು ಇಲ್ಲಿಯೇ ಎಡವುತ್ತಾರೆ. ರೋಗಿಯು ನಡೆಯುತ್ತಾಳೆ, ಉಣ್ಣುತ್ತಾಳೆ, ಮಾತನಾಡುತ್ತಾಳೆ. ಆದುದರಿಂದ ಪೂರ್ತಿ ಗುಣವಾಯಿತೆಂದು ಮನೆಯವರು ಭಾವಿಸುತ್ತಾರೆ. ವಾಸ್ತವವಾಗಿ ಆಸ್ಪತ್ರೆಯಿಂದ ಹೊರಟ ದಿನ ಮೆದುಳಿನ ಚೇತರಿಕೆ ಅರ್ಧದಾರಿಯಲ್ಲಿರುತ್ತದೆ.

ಎಷ್ಟು ಕಾಲ ಬೇಕು? ಹಲವು ದೇಶಗಳ 577 ರೋಗಿಗಳ ವಿವರವನ್ನು ಕಲೆಹಾಕಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ, ಎರಡು ವರ್ಷಗಳ ಹೊತ್ತಿಗೆ ನೂರರಲ್ಲಿ ಸುಮಾರು 80 ಮಂದಿ ಪರರ ಆಸರೆಯಿಲ್ಲದೆ ತಮ್ಮ ನಿತ್ಯದ ಕೆಲಸಗಳನ್ನು ಮಾಡಿಕೊಳ್ಳುವ ಸ್ಥಿತಿಗೆ ಬಂದಿದ್ದರು. ಆರು ತಿಂಗಳಿಗೆ ಇನ್ನೂ ದುರ್ಬಲರಾಗಿದ್ದ ಅನೇಕರು ಒಂದೂವರೆ ವರ್ಷದ ಹೊತ್ತಿಗೆ ಸುಧಾರಿಸಿದ್ದರು. ನೆನಪು ಹಾಗೂ ಯೋಚನಾಶಕ್ತಿಗಳಂತೂ ಅದಕ್ಕೂ ಆಚೆಗೆ, ಮೂರು ನಾಲ್ಕು ವರ್ಷಗಳವರೆಗೂ ನಿಧಾನವಾಗಿ ಸುಧಾರಿಸುತ್ತ ಹೋಗುವುದನ್ನು ವೈದ್ಯರು ಕಂಡಿದ್ದಾರೆ. ಕೆಲವರಲ್ಲಿ ಅಲ್ಪಸ್ವಲ್ಪ ಕೊರತೆ ಉಳಿದುಹೋಗುವುದೂ ನಿಜ. ಆದರೆ ಆರನೆಯ ತಿಂಗಳಿನಲ್ಲಿ ಕಂಡ ಸ್ಥಿತಿಯೇ ಜೀವಮಾನದ ಸ್ಥಿತಿಯೆಂದು ತೀರ್ಮಾನಿಸುವುದು ದೊಡ್ಡ ತಪ್ಪು. ಅಡಿಕೆ ಸಸಿ ನೆಟ್ಟವನು ಎರಡನೆಯ ವರ್ಷಕ್ಕೆ ಫಸಲಿಲ್ಲವೆಂದು ಅದನ್ನು ಕಿತ್ತುಹಾಕುವುದಿಲ್ಲ.

ಒಂದು ಮನೆಯ ಉದಾಹರಣೆ

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಎರಡು ಎಕರೆ ಗದ್ದೆ, ಅರ್ಧ ಎಕರೆ ತೋಟವಿರುವ ದಂಪತಿಗಳು. ಹೆಂಡತಿಗೆ ಇಪ್ಪತ್ತನಾಲ್ಕು ವರ್ಷ. ಮೂರು ವರ್ಷದ ಮಗುವಿದೆ. ಈ ಕಾಯಿಲೆಯಿಂದ ಎರಡು ತಿಂಗಳು ಆಸ್ಪತ್ರೆಯಲ್ಲಿದ್ದು ಆಕೆ ಮನೆಗೆ ಬಂದಿದ್ದಾಳೆ. ಮೈ ತುಂಬಿಕೊಂಡಿದೆ. ನೋಡಿದವರೆಲ್ಲ ಚೆನ್ನಾಗಿದ್ದಾಳೆ ಎನ್ನುತ್ತಾರೆ.

ಆದರೆ ಸಾರಿಗೆ ಎರಡು ಸಲ ಉಪ್ಪು ಬೀಳುತ್ತದೆ. ಹಾಲು ಒಲೆಯ ಮೇಲೆ ಉಕ್ಕಿ ಹೋಗುತ್ತದೆ. ಬೆಳಿಗ್ಗೆ ಹೇಳಿದ ಮಾತು ಮಧ್ಯಾಹ್ನಕ್ಕಿಲ್ಲ. ನಾಲ್ಕು ಜನ ಒಟ್ಟಿಗೆ ಮಾತನಾಡಿದರೆ ಎದ್ದು ಒಳಗೆ ಹೋಗುತ್ತಾಳೆ. ಮಗು ಹಟ ಮಾಡಿದರೆ ಗದರುತ್ತಾಳೆ, ಆಮೇಲೆ ಅಳುತ್ತಾಳೆ. ಹೊತ್ತು ಏರುವ ಮುನ್ನವೇ ಮಲಗಬೇಕೆನ್ನುತ್ತಾಳೆ.

“ಉಂಡು ತಿಂದು ಗಟ್ಟಿಯಾಗಿದ್ದಾಳೆ, ಕೆಲಸ ಅಂದರೆ ಮಾತ್ರ ಮರೆವು,” ಎನ್ನುತ್ತಾರೆ ಅತ್ತೆ.

“ರೀ, ನನಗೆ ನಿಜವಾಗಿಯೂ ನೆನಪಿಲ್ಲ,” ಎನ್ನುತ್ತಾಳೆ ಸೊಸೆ, ಗಂಡನ ಕಡೆ ತಿರುಗಿ. ಆಸ್ಪತ್ರೆಗೆ ಹೋದದ್ದೂ ಅಲ್ಲಿ ಕಳೆದ ದಿನಗಳೂ ಆಕೆಗೆ ಒಂದಿಷ್ಟೂ ನೆನಪಿಲ್ಲ. ಗಂಡನಿಗೆ ಏನು ಹೇಳಬೇಕೋ ತೋಚುವುದಿಲ್ಲ. ಆರು ತಿಂಗಳು ತವರಿಗೆ ಕಳುಹಿಸಿಬಿಡು ಎಂದು ಒಬ್ಬರು, ಇನ್ನೊಂದು ಮದುವೆಯ ಮಾತನ್ನು ಇನ್ನೊಬ್ಬರು ಅವನ ಕಿವಿಗೆ ಹಾಕುತ್ತಾರೆ.

ಈ ಮನೆಯಲ್ಲಿ ಯಾರೂ ಕೆಟ್ಟವರಲ್ಲ. ತಿಳಿವಳಿಕೆಯ ಕೊರತೆಯಿದೆ, ಅಷ್ಟೆ. ಮರೆವು, ಬೇಗ ದಣಿಯುವುದು, ಗದ್ದಲವನ್ನು ಸಹಿಸಲಾಗದಿರುವುದು, ಮುಂಗೋಪ, ಇವು ಸೋಮಾರಿತನದ ಗುರುತುಗಳಲ್ಲ. ಮಾಯುತ್ತಿರುವ ಮೆದುಳಿನ ಗುರುತುಗಳು. ಕಾಯಿಲೆಯ ತೀವ್ರವಾದ ದಿನಗಳ ನೆನಪು ಬಹಳ ಮಂದಿಗೆ ಎಂದಿಗೂ ಮರಳುವುದಿಲ್ಲ, ಅದಕ್ಕಾಗಿ ಚಿಂತಿಸಬೇಕಾಗಿಲ್ಲ. ಆ ದಿನಗಳಲ್ಲಿ ಆಡಿದ ಮಾತುಗಳನ್ನು, ಮಾಡಿದ ರಂಪವನ್ನು ಎತ್ತಿ ಆಡಿ ನಗುವುದಂತೂ ಸರ್ವಥಾ ಕೂಡದು. ಅವು ಕಾಯಿಲೆಯ ಮಾತುಗಳೇ ಹೊರತು ಆಕೆಯವಲ್ಲ.

ಮನೆಯಲ್ಲಿ ಮಾಡಬೇಕಾದ ಅಭ್ಯಾಸಗಳು

1. ದಿನಚರಿ ಒಂದೇ ಬಗೆಯಾಗಿರಲಿ. ಏಳುವುದು, ಸ್ನಾನ, ಊಟ, ಗುಳಿಗೆ, ನಿದ್ದೆ, ಎಲ್ಲಕ್ಕೂ ಗೊತ್ತಾದ ಹೊತ್ತಿರಲಿ. ರೂಢಿಯಾದ ಕೆಲಸಕ್ಕೆ ನೆನಪಿನ ಶ್ರಮ ಕಡಿಮೆ. ರಾತ್ರಿ ಚೆನ್ನಾಗಿ ನಿದ್ದೆ ಬೀಳುವುದು ಮೆದುಳಿಗೆ ಔಷಧದಷ್ಟೇ ಮುಖ್ಯ.

2. ವಸ್ತುಗಳಿಗೆ ಒಂದು ಜಾಗವಿರಲಿ. ಬೀಗದ ಕೈ, ಗುಳಿಗೆಯ ಡಬ್ಬಿ, ಹಣದ ಚೀಲ ದಿನವೂ ಅದೇ ಗೂಡಿನಲ್ಲಿರಲಿ. ಗೋಡೆಗೆ ದೊಡ್ಡ ಕ್ಯಾಲೆಂಡರ್ ಹಾಕಿ, ಕಳೆದ ದಿನಕ್ಕೆ ಸಂಜೆ ಗೀಟು ಎಳೆಯುವುದನ್ನು ರೂಢಿಸಬೇಕು.

3. ಒಂದು ಹೊತ್ತಿಗೆ ಒಂದೇ ಕೆಲಸವನ್ನು ಹೇಳಬೇಕು. “ಹಾಲು ಕಾಯಿಸಿ, ಕೋಳಿ ಬಿಟ್ಟು, ಮಗುವಿಗೆ ಸ್ನಾನ ಮಾಡಿಸು” ಎಂದು ಒಂದೇ ಉಸಿರಿಗೆ ಹೇಳಿದರೆ ಮೂರೂ ಕೆಡುತ್ತವೆ. ಹಾಲು ಕಾದ ಮೇಲೆ ಕೋಳಿಯ ಮಾತು. ಮೊದಲು ಮನೆಯವರು ಜೊತೆಗಿದ್ದು ಮಾಡಿಸಿ, ಬಳಿಕ ಪಕ್ಕದಲ್ಲಿ ನಿಂತು ನೋಡಿ, ಕೊನೆಗೆ ಒಬ್ಬಳಿಗೇ ಬಿಡಬೇಕು. ಎಲ್ಲ ಕೆಲಸವನ್ನೂ ಕಿತ್ತುಕೊಂಡು ಆಕೆಯನ್ನು ಕುಳ್ಳಿರಿಸುವುದೂ ತಪ್ಪು. ಮೊದಲ ವಾರದಲ್ಲೇ ಎಲ್ಲವನ್ನೂ ಹೊರಿಸುವುದೂ ತಪ್ಪು.

4. ಗಮನವನ್ನು ಬೆಳೆಸುವ ಅಭ್ಯಾಸ ನಡೆಯಲಿ. ನಿಮ್ಹಾನ್ಸ್‌ನ ಮನೋಶಾಸ್ತ್ರಜ್ಞರು ಗಮನಶಕ್ತಿಯನ್ನು ಮರಳಿ ಗಳಿಸಲು ಹೇಳಿಕೊಡುವ ಅಭ್ಯಾಸಗಳಲ್ಲಿ ಬೆರೆಸಿದ ಕಾಳುಗಳನ್ನು ಬೇರೆ ಮಾಡುವುದೂ ಒಂದು. ಇದಕ್ಕೆ ಖರ್ಚಿಲ್ಲ. ಮೊರದಲ್ಲಿ ಹೆಸರು ಮತ್ತು ಕಡಲೆಯನ್ನು ಬೆರೆಸಿಕೊಟ್ಟು ಬೇರೆ ಮಾಡಿಸಬೇಕು. ಮೊದಲು ಹತ್ತು ನಿಮಿಷ ಸಾಕು. ಎಷ್ಟು ಹೊತ್ತು ಹಿಡಿಯಿತು, ಎಷ್ಟು ತಪ್ಪಾಯಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಕೈ ಪಳಗಿದ ಮೇಲೆ ಮೂರನೆಯ ಕಾಳನ್ನು ಸೇರಿಸಬಹುದು. ಓದು ಬಲ್ಲವರು ವೃತ್ತಪತ್ರಿಕೆಯ ಒಂದು ಅಂಕಣದಲ್ಲಿ ಒಂದೇ ಅಕ್ಷರವನ್ನು ಹುಡುಕಿ ಗೀಟು ಹಾಕಬಹುದು. ತಿಂಗಳ ಕೊನೆಗೆ ಆ ಪುಸ್ತಕವನ್ನು ತೆರೆದರೆ, ಮನೆಯವರ ಕಣ್ಣಿಗೆ ಕಾಣದ ಸುಧಾರಣೆ ಅಲ್ಲಿ ಕಾಣುತ್ತದೆ.

5. ನೆನಪಿನ ಅಭ್ಯಾಸ ಬದುಕಿಗೆ ಹತ್ತಿರವಾಗಿರಲಿ. ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಬಸ್ಸು ಎಲ್ಲೆಲ್ಲಿ ನಿಲ್ಲುತ್ತದೆಂದು ಹೇಳಿಸಬಹುದು. ಸಂತೆಗೆ ಹೋಗುವ ಮುನ್ನ ತರಬೇಕಾದ ಮೂರು ಸಾಮಾನುಗಳನ್ನು ಹೇಳಿ, ಅಲ್ಲಿ ಆಕೆಯಿಂದಲೇ ಕೇಳಿಸಬಹುದು; ಮೂರು ಸಾಧಿಸಿದ ಮೇಲೆ ಐದು. ಮದುವೆಯ ಪಟಗಳನ್ನು ನೋಡುತ್ತ ಮಾತನಾಡಬಹುದು. ಮರೆತರೆ ಪರೀಕ್ಷೆಯಂತೆ ಮತ್ತೆ ಮತ್ತೆ ಕೇಳಿ ಹಿಂಸಿಸದೆ, ನಾವೇ ಹೇಳಿಕೊಟ್ಟು ಮುಂದೆ ಸಾಗಬೇಕು.

6. ವಿಶ್ರಾಂತಿಗೆ ಅವಕಾಶವಿರಲಿ. ಮೆದುಳು ದಣಿದಾಗ ಮರೆವೂ ಕೋಪವೂ ಹೆಚ್ಚುತ್ತವೆ. ಕಷ್ಟದ ಕೆಲಸ ಬೆಳಗಿನ ಹೊತ್ತಿಗಿರಲಿ, ಮಧ್ಯಾಹ್ನ ಸ್ವಲ್ಪ ಮಲಗಲಿ. ಹುಚ್ಚರಾಯಸ್ವಾಮಿಯ ತೇರಿನ ಜನಜಂಗುಳಿಗಾಗಲಿ, ದೊಡ್ಡ ಮದುವೆಯ ಮನೆಗಾಗಲಿ ಮೊದಲ ವರ್ಷ ಕರೆದೊಯ್ಯಲೇಬೇಕೆಂಬ ಹಟ ಬೇಡ. ಹೋದರೂ ಬೇಗ ಮರಳುವುದು ಲೇಸು.

7. ಅಪಾಯಗಳಿಂದ ದೂರವಿರಿಸಬೇಕು. ಫಿಟ್ಸ್ ಮತ್ತೆ ಬರುವ ಸಂಭವವಿರುವವರೆಗೆ ಕೆರೆಗೆ ಬಟ್ಟೆ ಒಗೆಯಲು ಒಬ್ಬಳನ್ನೇ ಕಳುಹಿಸಬಾರದು. ಬಾವಿಯಿಂದ ನೀರು ಸೇದುವಾಗ, ಹಂಡೆಯ ಒಲೆಯ ಮುಂದೆ, ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವಾಗ ಜೊತೆಗೆ ಒಬ್ಬರಿರಬೇಕು. ರೋಗಿ ಗಂಡಸಾದರೆ ಮರ ಹತ್ತುವುದನ್ನೂ ಬೈಕು, ಟ್ರ್ಯಾಕ್ಟರ್ ಓಡಿಸುವುದನ್ನೂ ವೈದ್ಯರು ಒಪ್ಪುವವರೆಗೆ ಬಿಡಬೇಕು. ಮದ್ಯಪಾನ ಸಂಪೂರ್ಣ ವರ್ಜ್ಯ.

8. ಕಾಗದಪತ್ರಗಳ ವಿಷಯದಲ್ಲಿ ಎಚ್ಚರವಿರಲಿ. ಜಮೀನು, ಸಾಲ, ಒಡವೆಗಳ ಕಾಗದಕ್ಕೆ ರೋಗಿಯಿಂದ ಈ ಅವಧಿಯಲ್ಲಿ ಸಹಿ ಅಥವಾ ಹೆಬ್ಬೆಟ್ಟು ಹಾಕಿಸುವುದು ನ್ಯಾಯವಲ್ಲ. ಅರಿತು ಒಪ್ಪುವ ಶಕ್ತಿ ಬರುವವರೆಗೆ ಕಾಯಬೇಕು.

ಔಷಧಗಳ ವಿಷಯ

ಮನೆಗೆ ಬಂದ ಮೇಲೂ ಗುಳಿಗೆಗಳು ಮುಂದುವರಿಯುತ್ತವೆ. ಸ್ಟೀರಾಯ್ಡ್ ಗುಳಿಗೆಯನ್ನು ವೈದ್ಯರು ಹಂತಹಂತವಾಗಿ ಇಳಿಸುತ್ತಾರೆ. ಮುಖ ಊದಿಕೊಂಡಿತೆಂದು, ಹಸಿವು ಹೆಚ್ಚಿತೆಂದು ಅದನ್ನು ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯವಾಗಬಹುದು. ಫಿಟ್ಸ್ ಗುಳಿಗೆಯೂ ಹಾಗೆಯೇ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ನಡೆಯುತ್ತಿರುವಾಗ ಸಣ್ಣ ಜ್ವರವನ್ನೂ ಹಗುರವಾಗಿ ಎಣಿಸದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೋರಿಸಬೇಕು. ನೆನಪು ಪೂರ್ತಿ ಬರುವವರೆಗೆ ಗುಳಿಗೆ ಕೊಡುವ ಹೊಣೆ ಗಂಡನದಾಗಿರಲಿ. ಗುಳಿಗೆ ಕೊಟ್ಟೊಡನೆ ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ.

ದಾಂಪತ್ಯ ಮತ್ತು ಸಂತಾನ

ಕಾಯಿಲೆಯ ನಂತರ ದಂಪತಿಗಳ ನಡುವೆ ಒಂದು ಬಗೆಯ ದೂರ ಬೆಳೆಯುವುದುಂಟು. ಗಂಡನಿಗೆ ಹೆಂಡತಿ ಬೇರೆಯವಳಂತೆ ಕಾಣುತ್ತಾಳೆ. ಹೆಂಡತಿಗೆ ತಾನೇ ಬೇರೆಯವಳಂತೆ ಅನಿಸುತ್ತದೆ. ದೈಹಿಕ ಸಂಬಂಧದಲ್ಲಿ ಆಸಕ್ತಿ ಕಡಿಮೆಯಾಗುವುದು ಸಹಜ. ಇಬ್ಬರಿಗೂ ಮನಸ್ಸಿದ್ದಾಗ ಮಾತ್ರ ಅದು ಮರಳಿ ಆರಂಭವಾಗಲಿ. ಒಪ್ಪಿಗೆಯನ್ನು ತಿಳಿದು ಕೊಡುವ ಸ್ಥಿತಿಯಲ್ಲಿ ಆಕೆ ಇಲ್ಲದಿರುವಾಗ ಗಂಡನು ತಡೆದುಕೊಳ್ಳುವುದೇ ಧರ್ಮ.

ಮುಂದಿನ ಮಗುವಿಗೆ ಅವಸರ ಬೇಡ. ಅದಕ್ಕೆ ಬಲವಾದ ಕಾರಣಗಳಿವೆ. ಈ ಕಾಯಿಲೆಗೆ ಕೆಲವೊಮ್ಮೆ ಕೊಡುವ ಸೈಕ್ಲೋಫಾಸ್ಫಮೈಡ್, ಮೈಕೋಫಿನೊಲೇಟ್, ಮೆಥೊಟ್ರೆಕ್ಸೇಟ್ ಎಂಬ ಔಷಧಗಳು ಗರ್ಭದಲ್ಲಿನ ಶಿಶುವಿಗೆ ಹಾನಿಯುಂಟುಮಾಡುತ್ತವೆ. ಫಿಟ್ಸ್‌ಗೆ ಕೊಡುವ ವಾಲ್‌ಪ್ರೊಯೇಟ್ ಸಹ ಶಿಶುವಿನ ಅಂಗಗಳಿಗೂ ಬುದ್ಧಿಯ ಬೆಳವಣಿಗೆಗೂ ಕೆಡುಕು ಮಾಡಬಲ್ಲದು. ಆದುದರಿಂದ ಮಗು ಬೇಕೆನಿಸಿದಾಗ ಮೊದಲು ವೈದ್ಯರನ್ನು ಕಂಡು, ಔಷಧಗಳನ್ನು ಬದಲಾಯಿಸಿಕೊಂಡು, ಫೋಲಿಕ್ ಆಮ್ಲದ ಗುಳಿಗೆಯನ್ನು ಮುಂಚಿತವಾಗಿಯೇ ಆರಂಭಿಸಿ, ಅನಂತರ ಗರ್ಭ ಧರಿಸುವುದು ಕ್ಷೇಮಕರ. ಅರಿಯದೆ ಗರ್ಭ ನಿಂತಿದ್ದರೆ, ಹೆದರಿ ಗುಳಿಗೆಗಳನ್ನು ತಾನಾಗಿ ನಿಲ್ಲಿಸದೆ ಆ ವಾರವೇ ವೈದ್ಯರಲ್ಲಿಗೆ ಹೋಗಬೇಕು.

ಅಂತರ ಕಾಯ್ದುಕೊಳ್ಳಲು ಯಾವ ವಿಧಾನ ಸೂಕ್ತ? ನುಂಗುವ ಗುಳಿಗೆಗಳು ಇಲ್ಲಿ ಅಷ್ಟು ನಂಬಿಕೆಗೆ ತಕ್ಕವಲ್ಲ. ಮರೆವಿನಿಂದ ಗುಳಿಗೆ ತಪ್ಪುವುದು ಒಂದು ಕಾರಣ. ಇನ್ನೊಂದು, ಫೆನಿಟಾಯಿನ್, ಕಾರ್ಬಮಜೆಪೀನ್, ಫಿನೋಬಾರ್ಬಿಟೋನ್ ಎಂಬ ಫಿಟ್ಸ್ ಔಷಧಗಳು ಮಾಲಾ-ಎನ್‌ನಂತಹ ಗುಳಿಗೆಗಳ ಶಕ್ತಿಯನ್ನು ಕುಂದಿಸುತ್ತವೆ. ಕಾಪರ್-ಟಿ ಮತ್ತು ನಿರೋಧ್‌ಗಳ ಮೇಲೆ ಈ ಔಷಧಗಳ ಪರಿಣಾಮವಿಲ್ಲ. ಮೂರು ತಿಂಗಳಿಗೊಮ್ಮೆ ಕೊಡುವ ಅಂತರ ಚುಚ್ಚುಮದ್ದು ಹೊಂದುತ್ತದೆಯೇ ಎಂಬುದನ್ನು ವೈದ್ಯರಲ್ಲಿ ವಿಚಾರಿಸಬಹುದು. ಯಾವುದನ್ನೇ ಆರಿಸುವಾಗಲೂ ನಡೆಯುತ್ತಿರುವ ಎಲ್ಲ ಗುಳಿಗೆಗಳ ಚೀಟಿಯನ್ನು ತಪ್ಪದೆ ತೋರಿಸಬೇಕು.

ಶಾಶ್ವತ ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. “ಹೇಗೂ ಕಾಯಿಲೆಯವಳು, ಈಗಲೇ ಆಪರೇಷನ್ ಮಾಡಿಸಿಬಿಡೋಣ” ಎಂದು ಮನೆಯವರು ಹೊರಡುವುದುಂಟು. ಸ್ವಸ್ಥ ಮನಸ್ಸಿನಿಂದ, ವಿಷಯವನ್ನು ತಿಳಿದು, ತಾನಾಗಿ ಒಪ್ಪಿದವರಿಗೆ ಮಾತ್ರ ಈ ಶಸ್ತ್ರಚಿಕಿತ್ಸೆ ಮಾಡತಕ್ಕದ್ದೆಂಬುದು ಸರ್ಕಾರದ ನಿಯಮ. ಇಂದು ಒಪ್ಪಿ ನಾಳೆ ಮರೆಯುವ ಸ್ಥಿತಿಯಲ್ಲಿರುವ ಹೆಣ್ಣಿನ ಒಪ್ಪಿಗೆ ಒಪ್ಪಿಗೆಯಲ್ಲ. ಆಕೆಯ ನೆನಪು ಮರಳುವವರೆಗೆ ಕಾಯಬೇಕು. ಮಕ್ಕಳು ಸಾಕೆಂದು ಇಬ್ಬರೂ ಚೆನ್ನಾಗಿ ಯೋಚಿಸಿ ತೀರ್ಮಾನಿಸಿದಾಗ, ಗಂಡನು ತಾನೇ ಮುಂದೆ ಬಂದು ಸರಳವಾದ ಪುರುಷ ಸಂತಾನಹರಣ ಚಿಕಿತ್ಸೆಯನ್ನು ಮಾಡಿಸಿಕೊಳ್ಳಬಹುದು. ಕಾಯಿಲೆಯನ್ನು ಅನುಭವಿಸಿದ ಶರೀರಕ್ಕೆ ಅಷ್ಟರಮಟ್ಟಿಗೆ ಬಿಡುವು ಸಿಕ್ಕಿದಂತಾಗುತ್ತದೆ.

ಇನ್ನು ಮಕ್ಕಳೇ ಆಗಲಾರವೆಂಬ ಭಯವೂ ಬೇಡ. ಗೆಡ್ಡೆಯೊಡನೆ ಒಂದು ಅಂಡಾಶಯವನ್ನು ತೆಗೆದಿದ್ದರೂ ಉಳಿದ ಇನ್ನೊಂದರಿಂದ ಗರ್ಭ ಧರಿಸಬಹುದು. ಬಸುರಿಯಾಗಿದ್ದಾಗಲೇ ಈ ಕಾಯಿಲೆಗೆ ತುತ್ತಾಗಿ, ಚಿಕಿತ್ಸೆ ಪಡೆದು, ಆರೋಗ್ಯವಂತ ಮಕ್ಕಳನ್ನು ಹೆತ್ತ ತಾಯಂದಿರಿದ್ದಾರೆ. ಈ ಕಾಯಿಲೆ ಮುಟ್ಟಿದರೆ ಹರಡುವುದಿಲ್ಲ. ಎದೆಹಾಲು ಕುಡಿಸುವುದನ್ನು ಮಾತ್ರ ನಡೆಯುತ್ತಿರುವ ಔಷಧವನ್ನು ನೋಡಿ ವೈದ್ಯರು ತೀರ್ಮಾನಿಸಬೇಕಾಗುತ್ತದೆ.

ಮರುಕಳಿಸುವ ಗುರುತುಗಳು

ಮೇಲೆ ಹೇಳಿದ 2013ರ ಅಧ್ಯಯನದಲ್ಲಿ ನೂರರಲ್ಲಿ ಸುಮಾರು 12 ಮಂದಿಗೆ ಎರಡು ವರ್ಷಗಳೊಳಗೆ ಕಾಯಿಲೆ ಮರುಕಳಿಸಿತ್ತು. ಹಲವು ರಾತ್ರಿ ನಿದ್ದೆ ಬಾರದಿರುವುದು, ಸಂಬಂಧವಿಲ್ಲದ ಮಾತು, ಇಲ್ಲದ ದನಿಗಳನ್ನು ಕೇಳುವುದು, ಫಿಟ್ಸ್, ಮುಖ ಅಥವಾ ಕೈ ತಾವಾಗಿ ಆಡುವುದು, ಸುಧಾರಿಸಿದ್ದ ನೆನಪು ದಿಢೀರನೆ ಕುಸಿಯುವುದು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಬೇಗ ಗುರುತಿಸಿದ ಮರುಕಳಿಕೆಯನ್ನು ಹತೋಟಿಗೆ ತರುವುದು ಸುಲಭ.

ವೈರಸ್‌ಗಳಿಂದ ಮೆದುಳುಜ್ವರ ಬಂದು ಗುಣವಾದವರ ಮನೆಯವರೂ ಈ ಗುರುತುಗಳನ್ನು ತಿಳಿದಿರಬೇಕು. ಹರ್ಪಿಸ್ ಎಂಬ ವೈರಸ್ಸಿನಿಂದ ಮೆದುಳಿನ ಉರಿಯೂತವಾದ 51 ಮಂದಿಯನ್ನು ಸ್ಪೇನ್ ದೇಶದ ವೈದ್ಯರು ಅನುಸರಿಸಿ ನೋಡಿ 2018ರಲ್ಲಿ ವರದಿ ಮಾಡಿದರು. ಅವರಲ್ಲಿ 14 ಮಂದಿಗೆ, ವೈರಸ್ ಅಡಗಿದ ಕೆಲವು ವಾರಗಳ ಬಳಿಕ, ಪ್ರತಿಕಾಯಗಳಿಂದಾಗುವ ಉರಿಯೂತ ಕಾಣಿಸಿಕೊಂಡಿತ್ತು. ಒಮ್ಮೆ ಗುಣವಾದವರಲ್ಲಿ ಮತ್ತೆ ಮನಸ್ಸಿನ ಗೊಂದಲ ತೋರಿದರೆ ಅದು ಹಳೆಯ ಕಾಯಿಲೆಯ ಶೇಷವೆಂದು ಸುಮ್ಮನಿರಬಾರದು.

ಆರೈಕೆ ಮಾಡುವವರ ಆರೈಕೆ

ಎರಡು ವರ್ಷಗಳ ಶುಶ್ರೂಷೆ ಸುಲಭದ ಕಾರ್ಯವಲ್ಲ. ಗದ್ದೆಯ ಕೆಲಸ, ಮಗು, ಅಡಿಗೆ, ಆಸ್ಪತ್ರೆಯ ಓಡಾಟ, ಸಾಲ, ಎಲ್ಲವೂ ಒಬ್ಬನ ಹೆಗಲಿಗೆ ಬಿದ್ದರೆ ಅವನ ತಾಳ್ಮೆಯೂ ಸವೆಯುತ್ತದೆ. ಅತ್ತೆ ಮಾವಂದಿರು, ತವರಿನವರು, ನೆರೆಹೊರೆಯವರು ಸರದಿಯಂತೆ ಕೈಜೋಡಿಸಬೇಕು. ಗಂಡನು ಒಲೆಯ ಮುಂದೆ ಕುಳಿತರೆ ಅವನ ಮಾನಕ್ಕೆ ಕುಂದಿಲ್ಲ. ಕೆಲವು ದಿನ ತವರಿನಲ್ಲಿದ್ದು ಬರುವುದು ತಪ್ಪಲ್ಲ. ಆದರೆ ಅದು ಆಕೆ ಬಯಸಿದ ವಿಶ್ರಾಂತಿಯಾಗಿರಬೇಕೇ ಹೊರತು ಗಂಡನ ಮನೆಯವರು ಕೈತೊಳೆದುಕೊಳ್ಳುವ ದಾರಿಯಾಗಬಾರದು.

ರೋಗಿಗೂ ಆರೈಕೆ ಮಾಡುವವರಿಗೂ ಬೇಸರ, ಹತಾಶೆ ಹೆಚ್ಚಾದಾಗ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ದೂರವಾಣಿ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಈ ಸೇವೆಗೆ ಶುಲ್ಕವಿಲ್ಲ. ತಾಲ್ಲೂಕು ಆಸ್ಪತ್ರೆಯ ವೈದ್ಯರು ಅಗತ್ಯಬಿದ್ದಾಗ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೂ, ಅಲ್ಲಿಂದ ಮುಂದಕ್ಕೂ ಕಳುಹಿಸಿಕೊಡುತ್ತಾರೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ದೊರೆಯಬಹುದಾದ ನೆರವಿನ ವಿಷಯವನ್ನು ಊರಿನ ಆಶಾ ಕಾರ್ಯಕರ್ತೆಯಲ್ಲಿ ಮೊದಲೇ ವಿಚಾರಿಸಿಟ್ಟುಕೊಳ್ಳಬೇಕು.

ಮೇಲೆ ಊಹಿಸಿಕೊಂಡ ಮನೆಗೆ ಮತ್ತೆ ಬರೋಣ. ಆ ಗಂಡನು ಯಾರ ಮಾತಿಗೂ ಕಿವಿಗೊಡದೆ, ಕ್ಯಾಲೆಂಡರಿಗೆ ಗೀಟು ಎಳೆಯುತ್ತ, ಸಂಜೆ ಮೊರದ ಮುಂದೆ ಹೆಂಡತಿಯ ಜೊತೆ ಕುಳಿತನೆನ್ನೋಣ. ಅತ್ತೆಯೂ ಒಂದು ದಿನ ಬಂದು ಕಾಳು ಆರಿಸಲು ಕುಳಿತರು. ಆರು ತಿಂಗಳಿಗೆ ಹಾಲು ಉಕ್ಕುವುದು ನಿಂತಿತು. ವರ್ಷಕ್ಕೆ ಆಕೆ ಒಬ್ಬಳೇ ಅಡಿಗೆ ಮಾಡಿದಳು. ಒಂದೂವರೆ ವರ್ಷಕ್ಕೆ ಸಂತೆಯ ಲೆಕ್ಕವನ್ನು ಬಾಯಲ್ಲೇ ಒಪ್ಪಿಸಿದಳು. ಈಗಲೂ ಗದ್ದಲ ಹೆಚ್ಚಾದರೆ ಎದ್ದು ಹೋಗುತ್ತಾಳೆ. ಆದರೆ ಮಗುವಿಗೆ ತಾಯಿಯಿದ್ದಾಳೆ, ಮನೆಗೆ ಒಡತಿಯಿದ್ದಾಳೆ. ಇಂತಹ ಚೇತರಿಕೆ ಪವಾಡವಲ್ಲ. ಔಷಧ, ಅಭ್ಯಾಸ, ಕಾಲ ಮತ್ತು ಸಂಗಾತಿಯ ಸಹನೆ, ಈ ನಾಲ್ಕೂ ಕೂಡಿದಾಗ ಬಹುಪಾಲು ಮನೆಗಳಲ್ಲಿ ಸಾಧ್ಯವಾಗುವಂಥದ್ದು.

ನೆನಪಿಡಬೇಕಾದ ಅಂಶಗಳು

1. ದಿಢೀರನೆ ಬಂದ ಮನಸ್ಸಿನ ಗೊಂದಲದ ಜೊತೆಗೆ ಫಿಟ್ಸ್, ನಿದ್ದೆಗೇಡು ಅಥವಾ ಕೈಬಾಯಿಗಳ ಚಲನೆಯಿದ್ದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

2. ನೆನಪು ಮತ್ತು ಸಹನೆ ಕೊನೆಗೆ ಮರಳುತ್ತವೆ. ಎರಡು ವರ್ಷ, ಅದಕ್ಕೂ ಹೆಚ್ಚು ಕಾಲ ಕಾಯಲು ಸಿದ್ಧರಾಗಿರಿ.

3. ಮರೆವನ್ನು ಸೋಮಾರಿತನವೆಂದು ಹೀಯಾಳಿಸಬೇಡಿ. ಒಂದು ಹೊತ್ತಿಗೆ ಒಂದೇ ಕೆಲಸ ಹೇಳಿ.

4. ವೈದ್ಯರನ್ನು ಕೇಳದೆ ಯಾವ ಗುಳಿಗೆಯನ್ನೂ ನಿಲ್ಲಿಸಬೇಡಿ.

5. ಔಷಧಗಳ ಬಗ್ಗೆ ವೈದ್ಯರ ಒಪ್ಪಿಗೆ ಪಡೆದ ಮೇಲೆಯೇ ಮುಂದಿನ ಮಗುವಿನ ಯೋಚನೆ ಮಾಡಿ. ಅಲ್ಲಿಯವರೆಗೆ ಕಾಪರ್-ಟಿ ಅಥವಾ ನಿರೋಧ್ ಬಳಸಿ.

6. ಅರಿವು ಮರಳುವ ಮುನ್ನ ಶಾಶ್ವತ ಶಸ್ತ್ರಚಿಕಿತ್ಸೆಗಾಗಲಿ, ಆಸ್ತಿಯ ಕಾಗದಕ್ಕಾಗಲಿ ಒಪ್ಪಿಗೆ ಪಡೆಯಬೇಡಿ.

ದಂಪತಿಗಳು ಕೂಡಿ ಚರ್ಚಿಸಬೇಕಾದ ಪ್ರಶ್ನೆಗಳು

1. ನಮ್ಮಲ್ಲಿ ಒಬ್ಬರು ಎರಡು ವರ್ಷ ಪೂರ್ತಿ ದುಡಿಯಲಾಗದೆ ಹೋದರೆ ಮನೆಯ ಯಾವ ಯಾವ ಕೆಲಸವನ್ನು ಯಾರು ವಹಿಸಿಕೊಳ್ಳುತ್ತಾರೆ?

2. ಗಂಡನಿಗೆ ಬಾರದ ಮನೆಗೆಲಸ ಯಾವುದು? ಹೆಂಡತಿಗೆ ತಿಳಿಯದ ಹಣಕಾಸಿನ ಲೆಕ್ಕ ಯಾವುದು? ಇಂದೇ ಒಬ್ಬರಿಂದೊಬ್ಬರು ಕಲಿಯಬಾರದೇಕೆ?

3. ನಮ್ಮ ಊರಿನಲ್ಲಿ ಮೆದುಳಿನ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು ಇದ್ದರೆ, ಅವರ ಮನೆಯ ಹೊರೆಯಲ್ಲಿ ನಾವು ಯಾವುದನ್ನು ಹಂಚಿಕೊಳ್ಳಬಲ್ಲೆವು?